ಅಜ್ಜನ ಮೇಜಿನ ಕ್ಲಚ್ ಪೆನ್ಸಿಲ್

ನಿಮ್ಮ ಮನೆಯ ಹಳೆಯ ಟ್ರಂಕನ್ನೋ ಅಜ್ಜನ ಮೇಜಿನ ಖಾನೆಯನ್ನೋ ಒಮ್ಮೆ ತೆರೆದು ನೋಡಿ. ಹಿಂಬದಿಯ ಗುಂಡಿ ಒತ್ತಿದರೆ ಕಡ್ಡಿ ಹೊರಬರುವ ಪೆನ್ಸಿಲ್ ಅಲ್ಲಿ ಸಿಕ್ಕರೂ ಸಿಗಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಕಡೆಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ನೀರು ತಂದವು. ಶಕ್ತಿನಗರದ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಕಂಪ್ಯೂಟರ್ ಬರುವ ಮುಂಚೆ ಇಂಥ ಕೆಲಸಗಳ ನಕ್ಷೆಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ನಕ್ಷೆ ಬರೆಯುವವರಿಗೆ 2 ಮಿ.ಮೀ. ಕಡ್ಡಿಯ ಕ್ಲಚ್ ಪೆನ್ಸಿಲ್ ನಿತ್ಯದ ಸಾಧನ.

ಸಂಗ್ರಹದ ಹವ್ಯಾಸ ಅಂಗಡಿಯಿಂದಲ್ಲ, ಇಲ್ಲಿಂದಲೇ ತೊಡಗಲಿ. ಪೆನ್ಸಿಲ್ ಯಾರದು, ಅದರಿಂದ ಏನು ಬರೆದರು, ಎಲ್ಲಿ ಕೊಂಡರು ಎಂದು ಹಿರಿಯರು ಇರುವಾಗಲೇ ಕೇಳಿ. ಭಾನುವಾರ ಪೂಜೆ ಮುಗಿಸಿ ಊಟವಾದ ಮೇಲಿನ ಹೊತ್ತು ಇದಕ್ಕೆ ಒಳ್ಳೆಯದು. ಅಜ್ಜ ಹೇಳಿದ್ದನ್ನು ಮೊಮ್ಮಕ್ಕಳ ಕೈಯಲ್ಲೇ ಚೀಟಿಯಲ್ಲಿ ಬರೆಯಿಸಿ, ಪೆನ್ಸಿಲ್ಲಿನ ಜೊತೆಗಿಡಿ. ಚೀಟಿಯಿಲ್ಲದ ಪೆನ್ಸಿಲ್ ಮುಂದೊಂದು ದಿನ ಗುಜರಿಯವನ ಪಾಲಾಗುತ್ತದೆ. ಬೆಲೆಬಾಳುವುದನ್ನು ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಗ್ರಹ ನನಗೇನೋ ಅಷ್ಟು ರುಚಿಸದು.

ಮಕ್ಕಳಿಗೆ ಹೇಳಲು ಕಥೆಗಳೂ ಇವೆ. 1822ರಲ್ಲಿ ಇಂಗ್ಲೆಂಡಿನ ಸ್ಯಾಂಪ್ಸನ್ ಮಾರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ ಕಡ್ಡಿ ಮುಂದೂಡುವ ಪೆನ್ಸಿಲ್ಲಿಗೆ ಪೇಟೆಂಟ್ ಪಡೆದರು. ಆದರೆ ಮನಸ್ಸನ್ನು ತಟ್ಟುವುದು ಜಪಾನಿನ ಟೊಕುಜಿ ಹಯಾಕವಾ ಅವರ ಬದುಕು. 1915ರಲ್ಲಿ ಅವರು ಲೋಹದ ಯಾಂತ್ರಿಕ ಪೆನ್ಸಿಲ್ ತಯಾರಿಸಿದರು. ವ್ಯಾಪಾರ ಚೆನ್ನಾಗಿ ಬೆಳೆಯಿತು. 1923ರ ಮಹಾ ಭೂಕಂಪದಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಕಾರ್ಖಾನೆ ಎಲ್ಲವೂ ಹೋದವು. ಸಾಲ ತೀರಿಸಲು ಪೆನ್ಸಿಲ್ ವ್ಯವಹಾರವನ್ನೇ ಬಿಟ್ಟುಕೊಟ್ಟು ಒಸಾಕಾ ನಗರಕ್ಕೆ ಹೋದರು. 1925ರಲ್ಲಿ ಅಲ್ಲಿ ರೇಡಿಯೋ ಮಾಡಿದರು. ಮುಂದೆ ಟಿ.ವಿ., ಕ್ಯಾಲ್ಕ್ಯುಲೇಟರ್‌ಗಳಿಗೆ ಹೆಸರಾದ 'ಶಾರ್ಪ್' ಅದೇ ಕಂಪನಿ. ಆ ಹೆಸರು ಬಂದದ್ದು ಕೈತಪ್ಪಿಹೋದ ಆ ಪೆನ್ಸಿಲ್ಲಿನಿಂದಲೇ!

ಇನ್ನು ಆರೈಕೆಯ ಮಾತು. ನಮ್ಮ ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಕಿಟಕಿಯ ಬಳಿ, ತಗಡಿನ ಡಬ್ಬಿಯಲ್ಲಿ ಇಡಬೇಡಿ. ಹಳೆಯ ಸೆಲ್ಯುಲಾಯ್ಡ್ ಶಾಖಕ್ಕೆ ಕೆಡುತ್ತದೆ. ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಅದು ಕರಗಿ ಅಂಟುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಕಡ್ಡಿ ಒಳಗೆ ಸಿಕ್ಕಿಕೊಂಡಿದ್ದರೆ ಎಣ್ಣೆ ಬಿಡದೆ, ತೆಳುವಾದ ತಂತಿಯಿಂದ ಮೆಲ್ಲಗೆ ತಳ್ಳಿ. ಬೆಳ್ಳಿಯದಾದರೆ ಉಜ್ಜಿ ಉಜ್ಜಿ ಮುದ್ರೆ ಅಳಿಸಬೇಡಿ. ಯಾರು ಮಾಡಿದ್ದೆಂದು ತಿಳಿಸುವುದು ಅದೇ.

ಸೀಸದ ಕಡ್ಡಿ ಎಂದು ಕರೆದರೂ ಅದರಲ್ಲಿ ಸೀಸವಿಲ್ಲ. 2 ಮಿ.ಮೀ. ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಆದ್ದರಿಂದ ಮಕ್ಕಳು ಮುಟ್ಟಿದರೆ ವಿಷವೆಂದು ಗದರಬೇಡಿ. ಮೊದಲು 2 ಮಿ.ಮೀ. ಪೆನ್ಸಿಲ್ಲನ್ನೇ ಅವರ ಕೈಗೆ ಕೊಡಿ, 0.5ರ ಕಡ್ಡಿ ಪುಟ್ಟ ಕೈಯ ಒತ್ತಡಕ್ಕೆ ಪಟಪಟನೆ ಮುರಿಯುತ್ತದೆ. ಅಂಬೆಗಾಲಿಡುವ ಕೂಸು ಮನೆಯಲ್ಲಿದ್ದರೆ ಮಾತ್ರ ತುದಿಯ ರಬ್ಬರು, ಮುಚ್ಚಳಗಳನ್ನು ಎತ್ತರದಲ್ಲಿಡಿ.