ಮನೆಯ ಗಾಡಿದಾರಿಗೆ ಕಡಿಮೆ ನೀರಿನ ಹಸಿರು ಹೊದಿಕೆ

ತೋಟದ ಮನೆಗಳಲ್ಲಿ ಗೇಟಿನಿಂದ ಬಾಗಿಲವರೆಗೆ ಕಾಂಕ್ರೀಟು ಹಾಕಿಸುವುದು ಈಗ ಸಾಮಾನ್ಯವಾಗಿದೆ. ಇದರಿಂದ ಕೆಸರು ತಪ್ಪುತ್ತದೆ, ನಿಜ. ಆದರೆ ಬಿದ್ದ ಮಳೆ ಇಂಗದೆ ಹರಿದುಹೋಗುತ್ತದೆ. 3 ಮೀಟರ್ ಅಗಲ, 20 ಮೀಟರ್ ಉದ್ದದ ದಾರಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 600 ಲೀಟರ್ ನೀರಾಗುತ್ತದೆ. ಕೊಳವೆಬಾವಿಯನ್ನೇ ನಂಬಿರುವ ಕೋಲಾರದಂತಹ ಬಯಲುಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಕಲ್ಲುಗಳನ್ನು ಸಂದು ಬಿಟ್ಟು ಜೋಡಿಸಿ, ಸಂದುಗಳಲ್ಲಿ ನೆಲಕ್ಕೆ ಹರಡುವ ಗಿಡ ಬೆಳೆಸಿದರೆ ಕೆಸರೂ ಇರದು, ನೀರೂ ಇಂಗುತ್ತದೆ. ಆದರೆ ಆ ಗಿಡಕ್ಕೇ ದಿನವೂ ನೀರು ಹಾಯಿಸಬೇಕಾದರೆ ಉಳಿತಾಯವೇನು ಬಂತು? ಆದ್ದರಿಂದ ಗಿಡದ ಆಯ್ಕೆ ಬಹು ಮುಖ್ಯ.

ತಳಪಾಯ: ಕೆಂಪು ಮಣ್ಣಿನಲ್ಲಿ 15 ಸೆಂ.ಮೀ. ದಪ್ಪ ಜಲ್ಲಿ, ಅದರ ಮೇಲೆ 5 ಸೆಂ.ಮೀ. ದಪ್ಪ ಮರಳು ಹರಡಬೇಕು. ತೆಳು ಚಪ್ಪಡಿ ಟ್ರಾಕ್ಟರಿನ ಭಾರಕ್ಕೆ ಒಡೆಯುವುದರಿಂದ ದಪ್ಪ ಸೈಜುಗಲ್ಲು ಬಳಸಬೇಕು. 3ರಿಂದ 4 ಸೆಂ.ಮೀ. ಸಂದು ಬಿಟ್ಟು, ಮರಳು, ಕೆಂಪು ಮಣ್ಣು, ಜರಡಿ ಹಿಡಿದ ಕಾಂಪೋಸ್ಟ್ ಸಮನಾಗಿ ಬೆರೆಸಿ ತುಂಬಬೇಕು. ಈ ಮಿಶ್ರಣ ಕಲ್ಲಿನ ಮಟ್ಟಕ್ಕಿಂತ ಒಂದು ಸೆಂ.ಮೀ. ಕೆಳಗಿರಲಿ. ಆಗ ಚಕ್ರದ ಭಾರ ಕಲ್ಲಿನ ಮೇಲೆ ಬೀಳುತ್ತದೆ, ಗಿಡದ ಬುಡ ಉಳಿಯುತ್ತದೆ. ಇಳಿಜಾರು ಗೋಡೆಯ ಕಡೆಗೆ ಇರಬಾರದು.

ಗಿಡಗಳ ಆಯ್ಕೆ: ಚಕ್ರ ಹಾಯುವ ಕಡೆ ಗರಿಕೆಯೇ ಲೇಸು. ತುಳಿತ, ಬಿಸಿಲು ಎರಡನ್ನೂ ಅದು ತಡೆಯುತ್ತದೆ. ನೆರಳಿನಲ್ಲಿ ಮಾತ್ರ ಸೊರಗುತ್ತದೆ. ಚಕ್ರಗಳ ನಡುವಿನ ಜಾಗಕ್ಕೆ ನೆಲಹಿಪ್ಪಲಿ ಒಪ್ಪುತ್ತದೆ. ಅದರ ಹೂವಿಗೆ ಜೇನುನೊಣ ಬರುವುದರಿಂದ ಮಕ್ಕಳು ಬರಿಗಾಲಲ್ಲಿ ಓಡಾಡುವಾಗ ಎಚ್ಚರವಿರಲಿ. ತುಳಿತವಿಲ್ಲದ ಅಂಚಿಗೆ ವಿಷ್ಣುಕ್ರಾಂತಿ ಚೆನ್ನ. ಒಂದೆಲಗಕ್ಕೆ ಸದಾ ತೇವ ಬೇಕು. ಇಲ್ಲಿಗೆ ಅದು ಬೇಡ. ವಾಹನ ನಿಲ್ಲುವ ನೆರಳಿನ ಜಾಗದಲ್ಲಿ ಗಿಡ ನೆಡದೆ ಸಂದುಗಳಿಗೆ ಸಣ್ಣ ಜಲ್ಲಿ ತುಂಬುವುದೇ ಜಾಣತನ.

ನೆಡುವ ಕಾಲ: ಜೂನ್-ಜುಲೈನಲ್ಲಿ ಮಳೆ ಹಿಡಿದ ಮೇಲೆ ಗರಿಕೆ ಮತ್ತು ನೆಲಹಿಪ್ಪಲಿಯ 2-3 ಗಿಣ್ಣುಗಳಿರುವ ತುಂಡುಗಳನ್ನು ನೆಡಬೇಕು. ಬೇರು ಹಿಡಿಯುವವರೆಗೆ, ಅಂದರೆ ಸುಮಾರು ಆರು ವಾರ, ವಾಹನ ಬಿಡಬಾರದು. ಮಳೆ ಕೈಕೊಟ್ಟರೆ ಆ ಅವಧಿಯಲ್ಲಿ ಮಾತ್ರ ನೀರು ಕೊಡಬೇಕು. ಬೇಸಿಗೆಯಲ್ಲಿ ಗರಿಕೆ ಕಂದಾದರೆ ಸತ್ತಿತೆಂದು ಗಾಬರಿಪಡಬೇಕಿಲ್ಲ. ಬೇರೂರಿದ ಗರಿಕೆ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.

ಎಚ್ಚರಿಕೆ: ಅಂಗಳದಲ್ಲಿ ಮಿತ್ರನಾದ ಗರಿಕೆ ಹೊಲದಲ್ಲಿ ಶತ್ರು. ನೆಲದೊಳಗಿನ ಕಾಂಡದಿಂದಲೂ ಹಬ್ಬುವ ಅದನ್ನು ಕೀಳುವುದು ಕಷ್ಟ. ದಾರಿ ಹೊಲಕ್ಕೆ ತಾಗಿದ್ದರೆ ಗರಿಕೆಯನ್ನು ಕೈಬಿಟ್ಟು ನೆಲಹಿಪ್ಪಲಿಯನ್ನೇ ಹಾಕಿ, ಅದರ ಅಂಚನ್ನು ಆಗಾಗ ಕತ್ತರಿಸಬೇಕು. ಟೈರು, ಕಾಲು ಎರಡಕ್ಕೂ ಚುಚ್ಚುವ ನೆಗ್ಗಿಲನ್ನು ಕಾಯಿ ಕಟ್ಟುವ ಮೊದಲೇ, ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತುಹಾಕಬೇಕು.

ರೈತ ಬಾಂಧವರು ಕಾಂಕ್ರೀಟು ಸುರಿಸುವ ಮುನ್ನ ಈ ಕ್ರಮವನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.