ಎ.ಐ. ಅಂದರೆ ಈಗ ಎರಡು



ನಮ್ಮ ಹಟ್ಟಿಗಳಲ್ಲಿ ಎ.ಐ. ಎಂದರೆ ಇಷ್ಟು ವರ್ಷ ಒಂದೇ ಅರ್ಥ, ಕೃತಕ ಗರ್ಭಧಾರಣೆ. ಈಗ ಅದೇ ಎರಡಕ್ಷರ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಕೃತಕ ಬುದ್ಧಿಮತ್ತೆ ಎಂಬ ಅರ್ಥದಲ್ಲಿ ಓಡಾಡುತ್ತಿದೆ. ಸಂಘವೊಂದರ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ‘ಹಾಲ್ ಕರೂಕೆ ರೋಬೋಟ್ ಬತ್ತಂಬ್ರ್, ಹೌದಾ ಡಾಕ್ಟ್ರೇ?’ ಎಂದು ಕೇಳಿದರು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಹಾಲು ಕರೆಯುವ ರೋಬೋಟ್ ಹೊಸತೇನಲ್ಲ. ನೆದರ್ಲೆಂಡ್ಸ್‌ನಲ್ಲಿ 1992ರಲ್ಲೇ ಅದು ರೈತರ ಕೊಟ್ಟಿಗೆಗೆ ಬಂತು. ಹಸು ತಾನಾಗಿ ಒಳಗೆ ಬರುತ್ತದೆ, ಯಂತ್ರದ ತೋಳು ಮೊಲೆತೊಟ್ಟು ಹುಡುಕಿ ಕಪ್ ಹಾಕುತ್ತದೆ. ಒಂದು ಯಂತ್ರಕ್ಕೆ ಸುಮಾರು 60 ಹಸು ಬೇಕು, ಬೆಲೆ ಕೋಟಿಯ ಆಸುಪಾಸು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹೆಚ್ಚಿನ ಮನೆಯಲ್ಲಿರುವುದು ಎರಡರಿಂದ ನಾಲ್ಕು ಹಸು. ಲೆಕ್ಕ ಅಲ್ಲಿಗೇ ಮುಗಿಯಿತು. ನಮಗೆ ಬೇಕಾದದ್ದು ಬಕೆಟ್ ಮಾದರಿಯ ಸಣ್ಣ ಹಾಲು ಕರೆಯುವ ಯಂತ್ರ, ಅದನ್ನು ಕಲಿತು ಸರಿಯಾಗಿ ತೊಳೆದಿಟ್ಟರೆ ಸಾಕು.

ಆದರೆ ಬದಲಾವಣೆ ಬೇರೆ ಬಾಗಿಲಿನಿಂದ ಒಳಗೆ ಬಂದಾಗಿದೆ. ಹಿಂದೆ ಡಿಪೋದಲ್ಲಿ ಗಂಧಕಾಮ್ಲ ಹಾಕಿ, ಗರ್ಬರ್ ಕೊಳವೆ ತಿರುಗಿಸಿ ಜಿಡ್ಡು ನೋಡುತ್ತಿದ್ದರು. ಇಂದು ಯಂತ್ರವೇ ಜಿಡ್ಡು, ಎಸ್.ಎನ್.ಎಫ್. ಅಳೆದು, ದರ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಕಾರ್ಯದರ್ಶಿಯ ಕೆಲಸ ಹೋಗಲಿಲ್ಲ, ಕೆಲಸದ ಬಗೆ ಬದಲಾಯಿತು. ಆದರೂ ಹಾಲನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೆ, ನೊರೆ ಇದ್ದರೆ, ಯಂತ್ರ ತೊಳೆಯದಿದ್ದರೆ ಚೀಟಿಯ ಅಂಕಿ ತಪ್ಪಾಗುತ್ತದೆ. ಯಂತ್ರ ಹೇಳಿದ್ದೇ ವೇದವಾಕ್ಯವಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಸುವಿನ ಕೊರಳಿಗೆ ಕಟ್ಟುವ ಸೆನ್ಸರ್ ಪಟ್ಟಿಯ ಬಗ್ಗೆ ಅನೇಕರು ಕೇಳುತ್ತಿದ್ದೀರಿ. ಅದರೊಳಗೆ ಚಲನೆ ಅಳೆಯುವ ಸಣ್ಣ ಸಾಧನವಿದೆ, ನಮ್ಮ ಮೊಬೈಲಿನಲ್ಲಿ ಇರುವಂಥದ್ದೇ. ಹಸು ಎಷ್ಟು ಓಡಾಡಿತು, ಎಷ್ಟು ಹೊತ್ತು ಮೆಲುಕು ಹಾಕಿತು ಎಂಬುದನ್ನು ಅದು ದಿನವಿಡೀ ಬರೆದಿಡುತ್ತದೆ. ಕೆಲವು ದಿನ ನೋಡಿ ‘ಈ ಹಸುವಿನ ಮಾಮೂಲು ಇಷ್ಟು’ ಎಂದು ಕಲಿಯುತ್ತದೆ. ಆಮೇಲೆ ಮಾಮೂಲು ತಪ್ಪಿದಾಗ ಫೋನಿಗೆ ಸಂದೇಶ ಕಳಿಸುತ್ತದೆ. ಓಡಾಟ ಹೆಚ್ಚಿ ಮೆಲುಕು ಕಡಿಮೆಯಾದರೆ ಬೆದೆ ಇರಬಹುದು, ಎರಡೂ ಕಡಿಮೆಯಾದರೆ ಕಾಯಿಲೆ ಇರಬಹುದು. ಇದರಲ್ಲಿ ಬುದ್ಧಿ ಎನ್ನುವುದು ಹೋಲಿಸಿ ಊಹಿಸುವುದು, ಅಷ್ಟೇ.

ಉಪಯೋಗ ಇಲ್ಲವೆಂದು ಹೇಳಲಾರೆ. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಬ್ರಹ್ಮಾವರದ ಕಡೆಯ ಒಂದು ಹಟ್ಟಿಯಲ್ಲಿ ಕರು ಹಾಕಿದ ಹಸುವಿನ ಮೆಲುಕು ಇಳಿದಿದೆ ಎಂದು ಪಟ್ಟಿ ತಿಳಿಸಿದಾಗ ಅದು ಇನ್ನೂ ಹಿಂಡಿ ತಿನ್ನುತ್ತಿತ್ತು, ಹಾಲೂ ಅಷ್ಟೇನೂ ಇಳಿದಿರಲಿಲ್ಲ. ಪರೀಕ್ಷಿಸಿದರೆ ಕೀಟೋಸಿಸ್‌ನ ಆರಂಭ. ಒಂದೆರಡು ದಿನ ತಡವಾಗಿದ್ದರೆ ಖರ್ಚೂ ಹೆಚ್ಚು, ನಷ್ಟವೂ ಹೆಚ್ಚು.

ಇನ್ನೊಂದು ಪ್ರಸಂಗ ಬೈಂದೂರು ತಾಲೂಕಿನ ಘಟ್ಟದ ಬುಡದ್ದು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಮ್ಮ ಒಬ್ಬರೇ ಮೂರು ಹಸು ನೋಡಿಕೊಳ್ಳುತ್ತಾರೆ. ಅವರ ಹೊರೆ ಇಳಿಯಲಿ ಎಂದು ಮಗ ಪಟ್ಟಿ ತಂದು ಕಟ್ಟಿಸಿದ್ದ. ಸಂದೇಶ ಹೋಗುವುದು ಅವನ ಫೋನಿಗೆ. ಒಂದು ಬೆಳಿಗ್ಗೆ ಅವನು ಬೆಂಗಳೂರಿನಿಂದಲೇ ಕರೆ ಮಾಡಿ, ಹಸು ಬೆದೆಗೆ ಬಂದಿದೆ, ಸಂಜೆಯೊಳಗೆ ಎ.ಐ. ಆಗಬೇಕು ಎಂದ. ನಾನು ಹೋಗಿ ಗನ್ ಸಿದ್ಧ ಮಾಡುತ್ತಿದ್ದೆ. ಅಕ್ಕಚ್ಚಿನ ಬಕೆಟ್ ಹಿಡಿದು ಬಂದ ಅಮ್ಮ, ‘ಅದ್ ಗಬ್ಬ ಇತ್ತ್ ಡಾಕ್ಟ್ರೇ’ ಎಂದರು. ಕೂಗಿದೆಯಾ ಎಂದು ಕೇಳಿದೆ. ಒಂದೆರಡು ಸಲ ಕೂಗಿದೆ, ಲೋಳೆಯೂ ಸ್ವಲ್ಪ ಕಂಡಿದೆ, ಆದರೂ ಗಬ್ಬವೇ ಎಂದರು. ನಿಜ ಹೇಳಬೇಕೆಂದರೆ ನನಗೆ ಆಗ ಪಟ್ಟಿಯ ಮೇಲೆಯೇ ನಂಬಿಕೆ ಹೆಚ್ಚಿತ್ತು. ಅವರ ಮಾತಿಗೆ ಬೆಲೆ ಕೊಟ್ಟು ಒಮ್ಮೆ ಕೈ ಹಾಕಿ ನೋಡಿದೆ. ಮೂರು ತಿಂಗಳ ಗಬ್ಬ. ಗರ್ಭಕೊರಳಿನೊಳಗೆ ಗನ್ ದಾಟಿಸಿದ್ದರೆ ಕಂದು ಹಾಕುವ ಸಾಧ್ಯತೆ ದೊಡ್ಡದು.

ಗಬ್ಬದ ಹಸುಗಳಲ್ಲಿ ಕೆಲವು ಬೆದೆಯ ಲಕ್ಷಣ ತೋರಿಸುವುದುಂಟು. ನಾನು ಓದುವಾಗಲೇ ಕಲಿತ ಪಾಠ ಅದು. ಪಟ್ಟಿ ಸುಳ್ಳು ಹೇಳಲಿಲ್ಲ, ಹಸು ಚಡಪಡಿಸಿದ್ದು ಹೌದು. ಹಿಂದಿನ ಎ.ಐ. ದಿನಾಂಕವನ್ನು ಮಾತ್ರ ಯಾರೂ ಅದಕ್ಕೆ ತಿಳಿಸಿರಲಿಲ್ಲ. ಅಮ್ಮನ ಹಟ್ಟಿಯ ಕ್ಯಾಲೆಂಡರಿನಲ್ಲಿ ಅದು ಪೆನ್ಸಿಲ್‌ನಲ್ಲಿ ಬರೆದಿತ್ತು.

ಇನ್ನೂ ಒಂದು ಮಾತು. ಇಂಥ ಸಾಧನಗಳು ಬೆಳೆದದ್ದು ಹೆಚ್ಚಾಗಿ ಬಿಟ್ಟು ಸಾಕುವ ದೊಡ್ಡ ಹಿಂಡುಗಳಲ್ಲಿ. ನಮ್ಮ ಹಸು ಹಗ್ಗದಲ್ಲಿದೆ, ಓಡಾಟವೇ ಕಡಿಮೆ. ಏಪ್ರಿಲ್-ಮೇ ಸೆಕೆಯಲ್ಲಿ ಕಾಯಿಲೆ ಇಲ್ಲದೆಯೂ ಮೆಲುಕು ಇಳಿಯುತ್ತದೆ. ದೀಪಾವಳಿಯ ಗೋಪೂಜೆಯ ದಿನ ಮೀಯಿಸಿ, ಹೂಮಾಲೆ ಹಾಕಿ, ಕಡುಬು ತಿನ್ನಿಸಿದರೆ ಪಟ್ಟಿಗೆ ಅದೂ ಗಾಬರಿಯೇ! ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ಸಂದೇಶ ಬರುವಷ್ಟರಲ್ಲಿ ಬೆದೆ ಮುಗಿದಿರುತ್ತದೆ.

ಮೊಬೈಲಿಗೆ ಫೋಟೋ ತೋರಿಸಿ ರೋಗ ಕೇಳುವವರೂ ಹೆಚ್ಚಿದ್ದಾರೆ. ಕೇಳಿ, ತಪ್ಪಲ್ಲ. ಆದರೆ ಅಲರ್ಜಿಯಿಂದ ಎದ್ದ ದದ್ದು ಫೋಟೋದಲ್ಲಿ ಚರ್ಮಗಂಟು ರೋಗದಂತೆಯೇ ಕಾಣಬಹುದು. ಅದು ಹೇಳಿದ ಆ್ಯಂಟಿಬಯೋಟಿಕ್ ತಂದು ನೀವೇ ಚುಚ್ಚಬೇಡಿ. ಆ ಹಾಲನ್ನು ಎಷ್ಟು ದಿನ ಡಿಪೋಗೆ ಹಾಕಬಾರದು ಎಂಬುದು ಔಷಧಿಯಿಂದ ಔಷಧಿಗೆ ಬೇರೆ.

ಬೆದೆಯ ಚಕ್ರ 21 ದಿನ. ಒಂದು ಬೆದೆ ತಪ್ಪಿದರೆ ದಿನದ ಹುಲ್ಲು-ಹಿಂಡಿಯ ಖರ್ಚನ್ನು 21ರಿಂದ ಗುಣಿಸಿ ನೋಡಿ, ನಷ್ಟ ತಿಳಿಯುತ್ತದೆ. ಪಟ್ಟಿ ಇರಲಿ, ಇಲ್ಲದಿರಲಿ, ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಮತ್ತು ರಾತ್ರಿ ಮಲಗುವ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಹಸುವಿನ ಹಿಂದೆ ನಿಂತು ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎ.ಐ. ಮಾಡಿಸಿ. ಪಟ್ಟಿ ಕಟ್ಟಿದ್ದರೆ ಸಂದೇಶ ಹಟ್ಟಿಯಲ್ಲಿ ಇರುವವರ ಫೋನಿಗೂ ಬರುವಂತೆ ಮಾಡಿಸಿಕೊಳ್ಳಿ. ಕರೆ ಮಾಡುವಾಗ ಕಿವಿಯೋಲೆಯ 12 ಅಂಕಿ ಮತ್ತು ಹಿಂದಿನ ಎ.ಐ. ದಿನಾಂಕ ಕೈಯಲ್ಲಿರಲಿ. ಆ ಅಮ್ಮನ ಹಸು ಹೆಣ್ಣು ಕರು ಹಾಕಿದೆ. ಪಟ್ಟಿ ಇನ್ನೂ ಕೊರಳಲ್ಲಿದೆ, ಪೆನ್ಸಿಲ್ ಕ್ಯಾಲೆಂಡರಿನ ಪಕ್ಕದಲ್ಲಿದೆ.