ಪುಕ್ಕಟೆ ಹೊಲಿಗೆ ಯಾರ ಹೊಟ್ಟೆಗೆ ಹೊಡೆಯಿತು?



ನಮ್ಮ ಸಂಘಗಳಲ್ಲಿ ಹೊಲಿಗೆ ಕಲಿತವರು ಬಹಳ ಮಂದಿ ಇದ್ದೀರಿ. ಕಷ್ಟದಲ್ಲಿರುವವರಿಗೆ ನಾಲ್ಕು ಬಟ್ಟೆ ಹೊಲಿದು ಕೊಡೋಣ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಇಂಥ ಒಳ್ಳೆಯ ಕೆಲಸದಿಂದಲೇ ಒಂದು ಜಗಳ ಎದ್ದಿತು. ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬಡವರಿಗೆ ಬಟ್ಟೆ ಹೊಲಿದು ಕೊಡುವ ಹೆಂಗಸರ ಒಂದು ಸಂಘ ಅಲ್ಲಿ 1882ರಲ್ಲಿ ಶುರುವಾಯಿತು. ಸದಸ್ಯೆಯೊಬ್ಬಳು ವರ್ಷಕ್ಕೆ ಎರಡು ಬಟ್ಟೆ ಕೊಡಬೇಕು. ಯಾಕೆ ಎರಡು? ಒಂದನ್ನು ಒಗೆಯಲು ಹಾಕಿದರೆ ಮೈಮೇಲೆ ಇನ್ನೊಂದು ಬೇಕಲ್ಲ! ಬಡತನ ಬಲ್ಲವರು ಮಾಡಿದ ನಿಯಮ ಅನಿಸುತ್ತದೆ.

1914ರ ಆಗಸ್ಟ್ 4ರಂದು ಬ್ರಿಟನ್ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ಸೈನಿಕರಿಗೂ ಅವರ ಮನೆಯವರಿಗೂ ಬಟ್ಟೆ ಹೊಲಿಯಿರಿ ಎಂದು ರಾಣಿ ಮೇರಿ ಈ ಸಂಘದ ಹೆಂಗಸರಿಗೆ ಕರೆ ಕೊಟ್ಟರು. ಶ್ರೀಮಂತರ ಮನೆಗಳಲ್ಲೆಲ್ಲ ಸೂಜಿದಾರ ಹೊರಬಂತು. ಎಲ್ಲವೂ ಪುಕ್ಕಟೆ.

ಅದೇ ವೇಳೆಗೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಯುದ್ಧದ ಹೆದರಿಕೆಯಿಂದ ಉಳ್ಳವರು ಹೊಸ ಬಟ್ಟೆ ಹೊಲಿಸುವುದನ್ನು ಬಿಟ್ಟರು. ಹೊಲಿಗೆಯನ್ನೇ ನಂಬಿದ್ದ ಸಾವಿರಾರು ಹೆಂಗಸರಿಗೆ ಕೆಲಸ ಹೋಯಿತು. ಕೂಲಿ ಕೊಟ್ಟು ಹೊಲಿಸಬೇಕಾದ ಅಂಗಿಯನ್ನು ದೊಡ್ಡ ಮನೆಯವರು ದಾನವಾಗಿ ಹೊಲಿದರೆ ಇವರು ಏನು ತಿನ್ನಬೇಕು?

ಈ ಮಾತನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಮುಖ್ಯರು ಮೇರಿ ಮೆಕಾರ್ಥರ್. ಬಟ್ಟೆ ಅಂಗಡಿಯವರ ಮಗಳು, ಮಹಿಳಾ ಕಾರ್ಮಿಕರ ಸಂಘಟಕಿ. 1910ರಲ್ಲಿ ಕ್ರ್ಯಾಡ್ಲಿ ಹೀತ್ ಎಂಬಲ್ಲಿ ಕಬ್ಬಿಣದ ಸರಪಳಿ ಮಾಡುವ ಹೆಂಗಸರ ಮುಷ್ಕರ ನಡೆಸಿ ಕೂಲಿ ಹೆಚ್ಚಿಸಿಕೊಟ್ಟ ಗಟ್ಟಿಗಿತ್ತಿ. ರಾಣಿ ಸಿಟ್ಟಾಗಲಿಲ್ಲ, ಆಕೆಯನ್ನೇ ಅರಮನೆಗೆ ಕರೆಸಿ ಮಾತಾಡಿದರು. ಅದೇ ತಿಂಗಳಲ್ಲಿ ರಾಣಿಯ ಹೆಸರಿನಲ್ಲಿ ಒಂದು ನಿಧಿ ಶುರುವಾಯಿತು. ದಾನದ ಹಣದಿಂದ ಹೆಂಗಸರಿಗೆ ಕೂಲಿ ಕೆಲಸ ಕೊಡುವುದೇ ಅದರ ಉದ್ದೇಶ. ಅದನ್ನು ನೋಡಿಕೊಳ್ಳುವ ಸಮಿತಿಗೆ ಮೆಕಾರ್ಥರ್ ಅವರೇ ಕಾರ್ಯದರ್ಶಿಯಾದರು. ಸೇವೆಯ ಹೊಲಿಗೆ ಕೂಲಿಯ ಹೊಲಿಗೆಗೆ ಜೊತೆಯಾಗಿರಬೇಕು, ಅದರ ಜಾಗ ಕಸಿದುಕೊಳ್ಳಬಾರದು ಎಂದು ತೀರ್ಮಾನವಾಯಿತು.

ಹಾಗಂತ ಎಲ್ಲವೂ ಸರಿಹೋಯಿತು ಅನ್ನುವಂತಿಲ್ಲ. ಸಮಿತಿಯ ಹೊಲಿಗೆ ಕೇಂದ್ರಗಳಲ್ಲಿ ಗಂಟೆಗೆ 3 ಪೆನ್ನಿ ಕೂಲಿ. ವಾರಕ್ಕೆ 40 ಗಂಟೆ ದುಡಿದರೂ ಸಿಗುತ್ತಿದ್ದದ್ದು 120 ಪೆನ್ನಿ, ಅಂದರೆ 10 ಶಿಲಿಂಗ್ ಮಾತ್ರ. ಇದು ಹೆಂಗಸರ ರಕ್ತ ಹೀರುವ ಕೂಲಿ ಎಂದು ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಎಂಬ ಹೋರಾಟಗಾರ್ತಿ ತರಾಟೆಗೆ ತೆಗೆದುಕೊಂಡರು. ಬರೀ ಬೈದು ಸುಮ್ಮನಾಗಲಿಲ್ಲ. ಲಂಡನ್ನಿನ ಬಡವರ ಬೀದಿಯಲ್ಲಿ ತಾವೇ ಆಟಿಕೆ ಕಾರ್ಖಾನೆ ತೆರೆದು ಗಂಟೆಗೆ ಕನಿಷ್ಠ 5 ಪೆನ್ನಿ ಕೊಟ್ಟರು. ಕೆಲಸವೇ ಇಲ್ಲದವಳಿಗೆ 3 ಪೆನ್ನಿಯೂ ಆಸರೆಯೇ, ನಿಜ. ಆದರೂ ನನಗೆ ಸಿಲ್ವಿಯಾ ಹೇಳಿದ್ದೇ ಸರಿ ಕಾಣುತ್ತದೆ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿರಿ. ದಾನಕ್ಕೆಂದು ನಾವು ಬಟ್ಟೆ ಹೊಲಿಯುವಾಗ, ಅದೇ ಬಟ್ಟೆ ಹೊಲಿದು ಮನೆ ನಡೆಸುವವರು ನಮ್ಮೂರಿನಲ್ಲಿ ಯಾರಿದ್ದಾರೆ? ಅವರನ್ನು ಕೇಳಿದ್ದೇವಾ?